ಸಿದಿ ಬರ್ರಾನಿಯಿಂದ ಕೆರೆನ್ನಿಗೆ: ಇಟಲಿಯ ಸೇನೆಯೂ ಅದರ ಚರಿತ್ರಕಾರರೂ

ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ, ಜರ್ಮನಿಯ ಸೇನೆಯನ್ನು ಕುರಿತು ಭಯಮಿಶ್ರಿತವಾದ ಗೌರವದಿಂದಲೂ, ರಷ್ಯದ ಸೇನೆಯನ್ನು ಕುರಿತು ಅದರ ಅಪಾರವಾದ ಸಹನೆಗೆ ತಕ್ಕ ವಿಸ್ಮಯದಿಂದಲೂ ಬರೆಯುತ್ತ ಬಂದು, ಇಟಲಿಯ ಪ್ರಸ್ತಾಪ ಬಂದೊಡನೆ ಲೇಖನಿಯ ಧಾಟಿಯನ್ನೇ ಬದಲಿಸಿಬಿಡುತ್ತಾರೆ. ಅಲ್ಲಿಯವರೆಗೆ ಗಂಭೀರವಾಗಿದ್ದ ಗದ್ಯದಲ್ಲಿ ನಗು ಸುಳಿಯುತ್ತದೆ. ಕೈಯೆತ್ತಿ ನಡೆವ ಸೆರೆಯಾಳುಗಳ ಉದ್ದುದ್ದದ ಸಾಲುಗಳು, ಪುಕ್ಕದ ಟೋಪಿಯ ಅಧಿಕಾರಿಗಳು, ಬಂದರನ್ನು ಬಿಟ್ಟು ಹೊರಡದ ಯುದ್ಧನೌಕೆಗಳು ಒಂದರ ಹಿಂದೊಂದು ಬಂದು ಮರೆಯಾಗುತ್ತವೆ. ಆ ಪುಟ ಮುಗಿಯುತ್ತಲೇ ಚರಿತ್ರಕಾರನು ಮತ್ತೆ ಗಂಭೀರನಾಗಿ ಜರ್ಮನರ ಕಡೆಗೆ ತಿರುಗುತ್ತಾನೆ. 1940ರ ಜೂನ್ 10ರಿಂದ 1943ರ ಸೆಪ್ಟೆಂಬರ್ 8ರವರೆಗೆ, ಮೂರು ವರ್ಷ ಮೂರು ತಿಂಗಳ ಕಾಲ, ಲಿಬಿಯದ ಮರಳಿನಲ್ಲೂ ಅಲ್ಬೇನಿಯದ ಹಿಮದಲ್ಲೂ ಡಾನ್ ನದಿಯ ದಂಡೆಯಲ್ಲೂ ಕಾದಾಡಿದ ಒಂದು ಜನಾಂಗದ ಲಕ್ಷಾಂತರ ಮಂದಿಯ ಬಾಳನ್ನೂ ಸಾವನ್ನೂ ಹೀಗೆ ನಗೆಯಲ್ಲಿ ಮುಗಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಕಳೆದ ಕೆಲವು ದಶಕಗಳಲ್ಲಿ ಹಲವು ವಿದ್ವಾಂಸರು ಎತ್ತಿದ್ದಾರೆ. ಅದಕ್ಕೆ ಬಂದ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಆ ನಗು ಯಾರಿಗೆ ಉಪಯೋಗಕ್ಕೆ ಬಂದಿತೆಂಬುದನ್ನು ವಿಚಾರಿಸದೆ ಅದು ದಿಟವೇ ಸಟೆಯೇ ಎಂದು ತೀರ್ಮಾನಿಸಲಾಗದೆಂಬುದೂ, ಅದರ ಬೆಲೆಯಲ್ಲಿ ಒಂದು ಪಾಲನ್ನು ನಮ್ಮ ನಾಡಿನ ಸೈನಿಕರೂ ತೆತ್ತಿರುವರೆಂಬುದೂ ನನ್ನ ನಂಬಿಕೆ.

ಮೊದಲು ಸೋಲುಗಳನ್ನು ಮರೆಮಾಚದೆ ಹೇಳಿಬಿಡಬೇಕು. 1940ರ ಸೆಪ್ಟೆಂಬರಿನಲ್ಲಿ ಮಾರ್ಷಲ್ ಗ್ರಾತ್ಸಿಯಾನಿಯ ಸೇನೆ ಲಿಬಿಯದಿಂದ ಈಜಿಪ್ಟಿನೊಳಕ್ಕೆ ನುಗ್ಗಿ, ಗಡಿಯಿಂದ ತುಸುದೂರದ ಸಿದಿ ಬರ್ರಾನಿ ಎಂಬಲ್ಲಿ ನಿಂತು, ಮರಳುಗಾಡಿನಲ್ಲಿ ಒಂದಕ್ಕೊಂದು ಆಸರೆಯಾಗಲಾರದಷ್ಟು ದೂರದೂರಕ್ಕೆ ಪಾಳೆಯಗಳನ್ನು ಕಟ್ಟಿಕೊಂಡು ಕುಳಿತಿತು. ಡಿಸೆಂಬರ್ 9ರ ಮುಂಜಾನೆ ಜನರಲ್ ಓಕಾನರನ ಕೈಕೆಳಗಿನ, ಎರಡು ಡಿವಿಜನ್‌ಗಳಿಗಿಂತ ಹೆಚ್ಚಿಲ್ಲದ ಬ್ರಿಟಿಷ್ ಪಡೆ ಆ ಪಾಳೆಯಗಳ ಮೇಲೆ ಬಿದ್ದಿತು; ಎರಡು ತಿಂಗಳು ತುಂಬುವುದರೊಳಗೆ, 1941ರ ಫೆಬ್ರವರಿ 7ರಂದು ಬೇಡಾ ಫೊಮ್ಮಿನಲ್ಲಿ ಆ ದಾಳಿ ಕೊನೆಗೊಂಡಾಗ, ಸುಮಾರು 1,30,000 ಮಂದಿ ಸೆರೆಸಿಕ್ಕಿದ್ದರು, ಎಂಟುನೂರಕ್ಕೂ ಹೆಚ್ಚು ಫಿರಂಗಿಗಳು ಶತ್ರುವಿನ ಪಾಲಾಗಿದ್ದವು, ಗೆದ್ದವರ ಕಡೆ ಸತ್ತವರು ಐನೂರು ಮಂದಿ. ಇದರ ನಡುವೆಯೇ, ಅಕ್ಟೋಬರ್ 28ರಂದು, ಮುಸ್ಸೊಲಿನಿಯು ಗ್ರೀಸಿನ ಮೇಲೆ ದಂಡೆತ್ತಿ ಹೋಗಿ, ಗ್ರೀಕರಿಂದ ಹೊಡೆಸಿಕೊಂಡು ಅಲ್ಬೇನಿಯದ ಬೆಟ್ಟಗಳಿಗೆ ಹಿಂದೆಗೆದಿದ್ದನು. ನವೆಂಬರ್ 11ರ ರಾತ್ರಿ ಟರಾಂಟೊ ಬಂದರಿನಲ್ಲಿ ಬ್ರಿಟಿಷರ ಇಪ್ಪತ್ತೊಂದು ಹಳೆಯ ಎರಡು ರೆಕ್ಕೆಜೋಡಿಯ ವಿಮಾನಗಳು ಅವನ ಮೂರು ಮಹಾನೌಕೆಗಳನ್ನು ಕೆಡವಿದ್ದವು. ಇವನ್ನು ಯಾವ ಸಂಶೋಧನೆಯೂ ಅಳಿಸಲಾರದು. ಅಳಿಸಹೊರಟವರನ್ನು ನಾನು ಚರಿತ್ರಕಾರರೆಂದು ಎಣಿಸುವುದಿಲ್ಲ.

ಆದರೆ ಸೋಲಿನ ಸಂಗತಿ ಬೇರೆ, ಸೋಲಿಗೆ ಹೇಳುವ ಕಾರಣ ಬೇರೆ. ಸಿದಿ ಬರ್ರಾನಿಯ ಬಳಿಯ ನಿಬೇವಾ ಪಾಳೆಯವನ್ನು ಬೆಳಕು ಹರಿಯುವ ಹೊತ್ತಿಗೆ ಹೊಕ್ಕ ಬ್ರಿಟಿಷರ ಮಟಿಲ್ಡಾ ಟ್ಯಾಂಕುಗಳ ಉಕ್ಕಿನ ಕವಚವನ್ನು ಭೇದಿಸಬಲ್ಲ ಒಂದು ಬಂದೂಕಾಗಲಿ ಫಿರಂಗಿಯಾಗಲಿ ಆ ಪಾಳೆಯದಲ್ಲಿರಲಿಲ್ಲ. ಅಲ್ಲಿನ ಫಿರಂಗಿಯವರು ಓಡಿಹೋಗಲಿಲ್ಲ. ತಮ್ಮ ಗುಂಡುಗಳು ಕವಚಕ್ಕೆ ತಾಗಿ ಪುಟಿದು ಬೀಳುವುದನ್ನು ಕಣ್ಣಾರೆ ಕಾಣುತ್ತ, ಟ್ಯಾಂಕುಗಳು ಮೇಲೆ ಹಾಯುವವರೆಗೂ ಹೊಡೆಯುತ್ತ, ಅಲ್ಲಲ್ಲೇ ಸತ್ತರು. ಅವರ ದಂಡನಾಯಕ ಮಲೆಟ್ಟಿಯೂ ಅಲ್ಲೇ ಬಿದ್ದನು. ಇದನ್ನು ಬರೆದಿಟ್ಟವರು ಆ ಪಾಳೆಯವನ್ನು ಗೆದ್ದ ಬ್ರಿಟಿಷರೇ. ಇನ್ನು ಪದಾತಿ ಸೈನಿಕರ ಮಾತು: ವಾಹನವಿಲ್ಲದ ಪದಾತಿಯು ಮರಳುಗಾಡಿನಲ್ಲಿ, ತನ್ನ ಸುತ್ತ ಎತ್ತಲಾದರೂ ತಿರುಗಬಲ್ಲ ಯಂತ್ರಸೈನ್ಯದ ನಡುವೆ ಸಿಕ್ಕಿಕೊಂಡರೆ, ನೀರಿನ ಸರಬರಾಜು ನಿಂತ ಮರುದಿನವೇ ಶರಣಾಗಬೇಕಾದುದು ಅವನ ರಕ್ತದ ದೋಷವಲ್ಲ, ಅವನನ್ನು ಅಲ್ಲಿಗೆ ಕಾಲುನಡಿಗೆಯಲ್ಲಿ ಕಳುಹಿದವರ ದೋಷ.

ಕಳುಹಿದವರಿಗೆ ತಮ್ಮ ದೇಶದ ಸ್ಥಿತಿ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಯುದ್ಧಾರಂಭಕಾಲದಲ್ಲಿ ಜರ್ಮನಿಯು ವರ್ಷಕ್ಕೆ ಸುಮಾರು 220 ಲಕ್ಷ ಟನ್, ಬ್ರಿಟನ್ನು ಸುಮಾರು 130 ಲಕ್ಷ ಟನ್ ಉಕ್ಕನ್ನು ತಯಾರಿಸುತ್ತಿದ್ದರೆ, ಇಟಲಿಯದು 25 ಲಕ್ಷ ಟನ್ನನ್ನು ಮುಟ್ಟುತ್ತಿರಲಿಲ್ಲ. ಕಲ್ಲಿದ್ದಲೂ ಎಣ್ಣೆಯೂ ಹೊರಗಿನಿಂದಲೇ ಬರಬೇಕಾಗಿತ್ತು. 1939ರ ಆಗಸ್ಟಿನಲ್ಲಿ ಹಿಟ್ಲರನು ಪೋಲೆಂಡಿನ ಮೇಲೆ ಬೀಳುವುದಕ್ಕೆ ಮುನ್ನ, ಜೊತೆಗೂಡಿ ಹೋರಾಡಲು ನಿಮಗೆ ಏನೇನು ಬೇಕೆಂದು ಕೇಳಿಸಿದಾಗ, ರೋಮಿನಿಂದ ಹೋದ ಪಟ್ಟಿಯಲ್ಲಿ 60 ಲಕ್ಷ ಟನ್ ಕಲ್ಲಿದ್ದಲು, 20 ಲಕ್ಷ ಟನ್ ಉಕ್ಕು, 70 ಲಕ್ಷ ಟನ್ ಎಣ್ಣೆ ಮೊದಲಾದವುಗಳಿದ್ದವು; ಅವನ್ನೆಲ್ಲ ಸಾಗಿಸಲು 17,000 ರೈಲುಗಳು ಬೇಕೆಂದು ಲೆಕ್ಕ ಹಾಕಲಾಯಿತು. ಒಂದು ಗೂಳಿಗೆ ಓದಲು ಬರುವುದಾದರೆ ಆ ಪಟ್ಟಿಯನ್ನೋದಿಯೇ ಅದು ಪ್ರಾಣಬಿಡುತ್ತಿತ್ತೆಂಬ ಅರ್ಥದ ಮಾತನ್ನು ವಿದೇಶಾಂಗ ಮಂತ್ರಿಯೂ ಮುಸ್ಸೊಲಿನಿಯ ಅಳಿಯನೂ ಆದ ಚಾನೊ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆ ಪಟ್ಟಿಯನ್ನು ಕಳುಹಿ ಹತ್ತು ತಿಂಗಳೊಳಗೆ, ಅದರಲ್ಲಿನ ಕೊರತೆಗಳಾವುವೂ ತೀರದಿದ್ದಾಗಲೇ, ಫ್ರಾನ್ಸು ಬೀಳುವುದನ್ನು ಕಂಡು ಮುಸ್ಸೊಲಿನಿ ಯುದ್ಧವನ್ನು ಸಾರಿದನು. ಸಾರುವ ಮುನ್ನ ಹೊರದೇಶದ ಬಂದರುಗಳಲ್ಲಿದ್ದ ತನ್ನ ವ್ಯಾಪಾರನೌಕೆಗಳನ್ನು ಕರೆಸಿಕೊಳ್ಳಲೂ ಇಲ್ಲವಾಗಿ, ದೇಶದ ಹಡಗುಗಳಲ್ಲಿ ಮೂರನೆಯ ಒಂದು ಪಾಲು ಮೊದಲ ದಿನವೇ ಕೈಬಿಟ್ಟುಹೋಯಿತು. ಗ್ರೀಸಿನ ದಂಡಯಾತ್ರೆಗೆ ಮೊದಲು ಸುಗ್ಗಿಯ ಕೆಲಸಕ್ಕೆಂದು ಲಕ್ಷಗಟ್ಟಲೆ ಸೈನಿಕರನ್ನು ಮನೆಗೆ ಕಳುಹಿದ್ದನ್ನೂ, ಡಿವಿಜನ್‌ಗಳ ಸಂಖ್ಯೆ ಹೆಚ್ಚಿ ತೋರಲೆಂದು ಜನರಲ್ ಪರಿಯಾನಿಯು ಒಂದೊಂದರಲ್ಲಿ ಮೂರಿದ್ದ ಪದಾತಿ ರೆಜಿಮೆಂಟುಗಳನ್ನು ಎರಡಕ್ಕಿಳಿಸಿದ್ದನ್ನೂ, ಅಧಿಕಾರಿಗೊಂದು ಊಟ, ಸಾರ್ಜೆಂಟನಿಗೊಂದು ಊಟ, ಸಿಪಾಯಿಗೊಂದು ಊಟವೆಂದು ರಣರಂಗದಲ್ಲೂ ಪಂಕ್ತಿಭೇದ ನಡೆಸಿದ್ದನ್ನೂ ಇದರೊಡನೆ ಸೇರಿಸಿಕೊಂಡರೆ, ಆ ಸೇನೆ ಏಕೆ ಸೋತಿತೆಂಬುದಕ್ಕಿಂತ ಅಷ್ಟು ಕಾಲ ಹೇಗೆ ನಿಂತಿತೆಂಬುದೇ ಕೇಳಬೇಕಾದ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆಯ ಸುತ್ತಲೇ ವಿದ್ವಾಂಸರ ವಾದ ನಡೆದಿರುವುದು. ಅಮೆರಿಕದ ಮ್ಯಾಕ್‌ಗ್ರೆಗರ್ ನಾಕ್ಸ್ ಅವರು ದಶಕಗಳ ಕಾಲ ದಫ್ತರುಗಳನ್ನು ಶೋಧಿಸಿ, ಬಡತನವೊಂದನ್ನೇ ಕಾರಣವಾಗಿ ಹೇಳಿದರೆ ಸಾಲದು; ಇದ್ದ ಉಕ್ಕಿನಿಂದಲೇ ಮೇಲಾದ ಟ್ಯಾಂಕನ್ನು ಮಾಡಬಹುದಾಗಿತ್ತು, ಇದ್ದ ಅಧಿಕಾರಿಗಳನ್ನೇ ಮೇಲಾಗಿ ತರಬೇತುಗೊಳಿಸಬಹುದಾಗಿತ್ತು; ಹಾಗೆ ಮಾಡದಂತೆ ತಡೆದದ್ದು ಆ ಸೇನೆಯ ಬುದ್ಧಿಜಾಡ್ಯ, ಕಾರ್ಖಾನೆಗಳ ಏಕಸ್ವಾಮ್ಯ ಮತ್ತು ಆ ಆಡಳಿತದ ಸ್ವಭಾವ ಎಂದು ಪ್ರತಿಪಾದಿಸಿದರು. ಜೇಮ್ಸ್ ಸಾಡ್‌ಕೋವಿಚ್ ಅವರು ಇದಕ್ಕೆ ಎದುರಾಗಿ ನಿಂತು, ಇಂಗ್ಲಿಷಿನಲ್ಲಿ ಬರೆದ ಚರಿತ್ರೆಗಳೆಲ್ಲ ಬ್ರಿಟಿಷರ ಮತ್ತು ಜರ್ಮನರ ನೆನಪಿನ ಪುಸ್ತಕಗಳನ್ನು ಆಧರಿಸಿವೆ, ಇಟಲಿಯ ದಾಖಲೆಗಳನ್ನು ತೆರೆದು ನೋಡಿದವರೇ ವಿರಳ; ನೋಡಿದ್ದರೆ, ಭೂಮಧ್ಯಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಮೂರು ವರ್ಷ ತಡೆದು ನಿಲ್ಲಿಸಿ, ಲಿಬಿಯಕ್ಕೆ ಕಳುಹಿದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಗಿಲನ್ನು ದಡಮುಟ್ಟಿಸಿದ ನೌಕಾಪಡೆಯೊಂದು ಕಣ್ಣಿಗೆ ಬೀಳುತ್ತಿತ್ತು ಎಂದು 1994ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇಟಲಿಯಲ್ಲಿ ಜೊರ್ಜೊ ರೊಶಾ ಅವರೂ, ಇಂಗ್ಲೆಂಡಿನಲ್ಲಿ ಜಾನ್ ಗೂಚ್ ಅವರೂ ಈ ಎರಡು ಬಗೆಯ ಅತಿರೇಕಕ್ಕೂ ಸಿಲುಕದೆ ಬರೆದಿದ್ದಾರೆ. ಸಾಡ್‌ಕೋವಿಚ್ ಅವರು ಕೆಲವೆಡೆ ವಕೀಲರಂತೆ ಒಂದೇ ಪಕ್ಷವನ್ನು ಹಿಡಿಯುತ್ತಾರೆಂಬುದು ನಿಜವಾದರೂ, ಸೋತವನ ದಾಖಲೆಯನ್ನು ಓದದೆ ಸೋತವನ ಚರಿತ್ರೆಯನ್ನು ಬರೆಯಬಾರದೆಂಬ ಅವರ ಆಕ್ಷೇಪಕ್ಕೆ ಇದುವರೆಗೆ ಸಮರ್ಪಕವಾದ ಉತ್ತರ ಬಂದಿಲ್ಲವೆಂದು ನನಗೆ ತೋರುತ್ತದೆ.

ಇಟಲಿಯ ಸಿಪಾಯಿಯನ್ನು ಹೇಡಿಯೆಂದು ಮೊದಲು ಸಾರಿದವನು ಶತ್ರುವಲ್ಲ, ಅವನ ಸ್ವಂತ ಸೇನಾಪತಿ ಎಂಬುದನ್ನೂ ಇಲ್ಲಿ ಹೇಳಬೇಕು. 1917ರ ಅಕ್ಟೋಬರಿನಲ್ಲಿ ಕಾಪೊರೆಟ್ಟೊ ಎಂಬಲ್ಲಿ ಜರ್ಮನಿ ಮತ್ತು ಆಸ್ಟ್ರಿಯದ ಪಡೆಗಳು ವ್ಯೂಹವನ್ನು ಭೇದಿಸಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸೆರೆಹಿಡಿದಾಗ, ಜನರಲ್ ಕಡೋರ್ನಾ ತನ್ನ ವ್ಯೂಹರಚನೆಯ ತಪ್ಪನ್ನು ಹೇಳುವುದಕ್ಕೆ ಬದಲಾಗಿ, ಎರಡನೆಯ ಸೇನೆಯ ತುಕಡಿಗಳು ಹೋರಾಡದೆ ಹೇಡಿಗಳಂತೆ ಶರಣಾದವೆಂಬ ಪ್ರಕಟಣೆಯನ್ನು ಹೊರಡಿಸಿದನು. ಸರ್ಕಾರ ಅದನ್ನು ತಿದ್ದಲೆತ್ನಿಸುವ ವೇಳೆಗೆ ಮೂಲರೂಪವು ಹೊರದೇಶಗಳನ್ನು ಮುಟ್ಟಿತ್ತು. ಶಿಸ್ತಿನ ಹೆಸರಿನಲ್ಲಿ ತನ್ನ ಸೈನಿಕರನ್ನೇ ಗುಂಡಿಗೆ ಗುರಿಮಾಡುವುದರಲ್ಲಿ ಆ ಯುದ್ಧದ ಪಶ್ಚಿಮದ ಸೇನೆಗಳಲ್ಲೆಲ್ಲ ಮುಂದಿದ್ದವನು ಇವನು. ಅದೇ ಸೈನಿಕರು ಹೊಸ ಸೇನಾಪತಿ ದಿಯಾಸನ ಕೆಳಗೆ ಪಿಯಾವೆ ನದಿಯಲ್ಲಿ ನಿಂತು, ಮರುವರ್ಷ ಆಸ್ಟ್ರಿಯದ ಸಾಮ್ರಾಜ್ಯವೇ ಕುಸಿಯುವ ತನಕ ಹಿಂದೆಗೆಯಲಿಲ್ಲ. ಆದರೆ ಕಾಪೊರೆಟ್ಟೊದ ಹೆಸರು ಉಳಿಯಿತು, ಪಿಯಾವೆಯ ಹೆಸರು ಇಟಲಿಯ ಹೊರಗೆ ಉಳಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಆ ನಗು ಮೊದಲು ಉಪಯೋಗಕ್ಕೆ ಬಂದದ್ದು ಬ್ರಿಟಿಷರಿಗೆ. 1940ರ ಚಳಿಗಾಲದಲ್ಲಿ ಬ್ರಿಟನ್ನು ಏಕಾಕಿಯಾಗಿತ್ತು. ಫ್ರಾನ್ಸು ಬಿದ್ದಿತ್ತು, ಲಂಡನ್ನಿನ ಮೇಲೆ ರಾತ್ರಿ ರಾತ್ರಿಯೂ ಬಾಂಬು ಬೀಳುತ್ತಿತ್ತು, ಡನ್‌ಕರ್ಕಿನ ಹಿಮ್ಮೆಟ್ಟುವಿಕೆಯ ಹೊರತು ಜನರಿಗೆ ತೋರಿಸಲು ಭೂಸೇನೆಯ ಸಾಧನೆ ಬೇರೊಂದಿರಲಿಲ್ಲ. ಅಂಥ ಕಾಲದಲ್ಲಿ ಮರಳುಗಾಡಿನಿಂದ ಬಂದ ಸೆರೆಯಾಳುಗಳ ಚಿತ್ರಗಳು ನೊಂದ ಜನಕ್ಕೆ ಸಂಜೀವಿನಿಯಾದುದರಲ್ಲಿ ಆಶ್ಚರ್ಯವಿಲ್ಲ. ತಮ್ಮ ವಿಮಾನಯೋಧರನ್ನು ಕುರಿತು ಚರ್ಚಿಲ್ ಆಡಿದ್ದ ಹೆಸರಾಂತ ಮಾತನ್ನೇ ತಿರುಗಿಸಿ ಮಂತ್ರಿ ಈಡನ್ ಇಟಾಲಿಯನ್ನರ ಶರಣಾಗತಿಯ ಮೇಲೆ ಪರಿಹಾಸ ಮಾಡಿದ್ದೂ ಆಗಲೇ. ಯುದ್ಧಕಾಲದ ನಗುವನ್ನು ನಾನು ದೂರುವುದಿಲ್ಲ. ಯುದ್ಧ ಮುಗಿದ ಮೇಲೆ ಅದೇ ನಗುವನ್ನು ಪ್ರಮಾಣವೆಂದು ಹಿಡಿದು ಚರಿತ್ರೆ ಬರೆದದ್ದು ದೋಷ.

ಜರ್ಮನರ ಲಾಭ ಬೇರೆ ತೆರನಾದದ್ದು. 1945ರ ತರುವಾಯ ಆತ್ಮಕಥೆಗಳನ್ನು ಬರೆಯಲು ಕುಳಿತ ಜರ್ಮನ್ ಜನರಲ್ಲುಗಳಿಗೆ ತಮ್ಮ ಸೋಲಿನ ಹೊಣೆ ಹೊರಿಸಲು ಇಬ್ಬರು ಸಿಕ್ಕಿದರು: ಸತ್ತ ಹಿಟ್ಲರನು ಒಬ್ಬ, ಉತ್ತರಿಸುವ ಶಕ್ತಿಯಿಲ್ಲದ ಮಿತ್ರದೇಶದವನು ಇನ್ನೊಬ್ಬ. ಆಫ್ರಿಕದಲ್ಲಿ ಜರ್ಮನ್ ಸೇನಾಪತಿ ರಾಮೆಲ್ಲನ ಹೆಸರಿನಲ್ಲಿ ಹೋರಾಡಿದ ಸೇನೆಯಲ್ಲಿ ಸರಿಸುಮಾರು ಅರ್ಧಪಾಲು ಇಟಾಲಿಯನ್ನರಿದ್ದರು. 1941ರ ನವೆಂಬರ್ 19ರಂದು ಬೀರ್ ಎಲ್ ಗೂಬಿಯಲ್ಲಿ ಬ್ರಿಟಿಷರ ಒಂದು ಇಡೀ ಟ್ಯಾಂಕು ಬ್ರಿಗೇಡನ್ನು ಹಿಂದಕ್ಕೆ ತಳ್ಳಿದ್ದು ಇಟಲಿಯ ಆರಿಯೆಟೆ ಡಿವಿಜನ್. 1942ರ ನವೆಂಬರ್ 4ರಂದು ಎಲ್ ಅಲಮೀನಿನಲ್ಲಿ, ತಮ್ಮ ಹಗುರ ಟ್ಯಾಂಕುಗಳಿಂದ ಬ್ರಿಟಿಷರ ಭಾರಿ ಟ್ಯಾಂಕುಗಳನ್ನು ಎದುರಿಸಿ ನಿಂತು ಪೂರ್ಣವಾಗಿ ನಾಶವಾದುದೂ ಅದೇ ಡಿವಿಜನ್. ರಾಮೆಲ್ ತಾನೇ ಆ ನಾಶವನ್ನು ಕುರಿತು, ಅವರ ಕಳಪೆ ಆಯುಧಗಳಿಗೆ ಮೀರಿದ್ದನ್ನು ನಾವು ಅವರಿಂದ ಸದಾ ಅಪೇಕ್ಷಿಸುತ್ತ ಬಂದೆವೆಂಬರ್ಥ ಬರುವಂತೆ ಬರೆದುಕೊಂಡಿದ್ದಾನೆ. ಆ ಬರಹಗಳು 1953ರಲ್ಲಿಯೇ ಲಿಡೆಲ್ ಹಾರ್ಟರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ಎಲ್ ಅಲಮೀನಿನಿಂದ ಸೇನೆ ಹಿಮ್ಮೆಟ್ಟಿದಾಗ ದಕ್ಷಿಣದ ತುದಿಯಲ್ಲಿದ್ದ ಇಟಲಿಯ ಪದಾತಿ ಡಿವಿಜನ್‌ಗಳಿಗೆ ವಾಹನಗಳಿರಲಿಲ್ಲ. ಫೋಲ್ಗೋರೆ ಎಂಬ ಛತ್ರಿಸೈನಿಕರ ಡಿವಿಜನ್ ಮರಳಿನಲ್ಲಿ ನಡೆದೇ ಹಿಂದೆಗೆದು, ನೀರೂ ಮದ್ದುಗುಂಡೂ ಮುಗಿದ ಮೇಲೆ, ಬಿಳಿಯ ಬಾವುಟವನ್ನೆತ್ತದೆ ಸೆರೆಯಾಯಿತು. ಡಾನ್ ನದಿಯ ಕಥೆಯೂ ಹೀಗೆಯೇ: 250 ಕಿಲೋಮೀಟರಿಗೂ ಮಿಗಿಲಾದ ಸಾಲಿನಲ್ಲಿ, ರಷ್ಯದ ಟ್ಯಾಂಕುಗಳಿಗೆ ತಕ್ಕ ಫಿರಂಗಿಗಳಿಲ್ಲದೆ ಹರಡಿ ನಿಂತಿದ್ದ ಇಟಲಿಯ ಎಂಟನೆಯ ಸೇನೆಯನ್ನು 1942ರ ಡಿಸೆಂಬರಿನಲ್ಲಿ ರಷ್ಯನರು ಒಡೆದಾಗ, ಸ್ಟಾಲಿನ್‌ಗ್ರಾಡಿನ ಹೊಣೆಯಲ್ಲಿ ಒಂದು ಪಾಲನ್ನು ಅದರ ತಲೆಯ ಮೇಲೆ ಹೊರಿಸುವುದು ಜರ್ಮನರಿಗೆ ಸುಲಭವಾಯಿತು. ಆ ಹಿಮದ ಹಿಂದೆಗೆತವನ್ನು ಕುರಿತು ಮಾರಿಯೊ ರಿಗೋನಿ ಸ್ಟೆರ್ನ್ ಎಂಬ ಸಾರ್ಜೆಂಟನು ಬರೆದ ಪುಟ್ಟ ಪುಸ್ತಕ, 1953ರಲ್ಲಿ ಬಂದದ್ದು, ಯಾವ ಜನರಲ್ಲನ ಆತ್ಮಕಥೆಗಿಂತಲೂ ಬಾಳುವಂಥದು.

ನೌಕಾಯುದ್ಧದ ವಿಷಯದಲ್ಲಿ ಚರಿತ್ರಕಾರರನ್ನು ದಾರಿ ತಪ್ಪಿಸಿದ್ದು ದ್ವೇಷವಲ್ಲ, ಒಂದು ರಹಸ್ಯ. 1941ರ ಮಾರ್ಚ್ 28ರ ರಾತ್ರಿ ಮಟಪಾನ್ ಭೂಶಿರದ ಬಳಿ ಇಟಲಿಯ ಮೂರು ದೊಡ್ಡ ಕ್ರೂಸರುಗಳೂ ಎರಡು ಡಿಸ್ಟ್ರಾಯರುಗಳೂ ಸುಮಾರು 2,300 ಜನರೊಡನೆ ಮುಳುಗಿದವು. ಅಲ್ಲಿಂದ ಮುಂದೆ ಆಫ್ರಿಕಕ್ಕೆ ಎಣ್ಣೆ ಸಾಗಿಸುವ ಹಡಗುಗಳು, ಅವು ಹೊರಡುವ ವೇಳೆಯನ್ನು ಯಾರೋ ಶತ್ರುವಿಗೆ ಹೇಳುತ್ತಿರುವಂತೆ, ಒಂದೊಂದಾಗಿ ನಾಶವಾಗತೊಡಗಿದವು. ಜರ್ಮನರು ರೋಮಿನಲ್ಲಿ ದ್ರೋಹಿಗಳಿದ್ದಾರೆಂದರು. ಯುದ್ಧಾನಂತರ ಇಟಾಲಿಯನ್ನರೂ ಹಾಗೆಯೇ ಶಂಕಿಸಿದರು. ಅಂತೋನಿನೊ ಟ್ರಿತ್ಸಿನೊ ಎಂಬುವನು 1952ರಲ್ಲಿ ಬರೆದ ಗ್ರಂಥದಲ್ಲಿ ತನ್ನ ದೇಶದ ಅಡ್ಮಿರಲ್ಲುಗಳ ನಿಷ್ಠೆಯನ್ನೇ ಪ್ರಶ್ನಿಸಿದ್ದರಿಂದ ವಿಷಯ ನ್ಯಾಯಾಲಯದವರೆಗೆ ಹೋಯಿತು. ಇಪ್ಪತ್ತೆರಡು ವರ್ಷಗಳ ತರುವಾಯ, 1974ರಲ್ಲಿ, ಬ್ರಿಟಿಷರು ಬ್ಲೆಚ್ಲಿ ಪಾರ್ಕಿನಲ್ಲಿ ಕುಳಿತು ಶತ್ರುಗಳ ಗುಪ್ತಲಿಪಿಯನ್ನು ಒಡೆದು ಓದುತ್ತಿದ್ದರೆಂಬ ಸಂಗತಿ ಬಯಲಾಯಿತು. ಮಟಪಾನಿನ ಹೊತ್ತಿಗೇ ಇಟಲಿಯ ನೌಕಾಪಡೆಯ ಸಂದೇಶಗಳನ್ನು ಅಲ್ಲಿ ಓದಲಾಗಿತ್ತು. 1941ರ ಬೇಸಗೆಯಿಂದ ಹಡಗುಸಾಲುಗಳ ಹೊರಡುವ ದಿನ, ದಾರಿ, ಸರಕು ಎಲ್ಲವೂ ಶತ್ರುವಿಗೆ ಮುಂಚಿತವಾಗಿ ತಿಳಿಯುತ್ತಿತ್ತು. ಗುಟ್ಟು ಬಯಲಾಗಬಾರದೆಂದು, ಮೊದಲೇ ತಿಳಿದಿದ್ದ ಹಡಗಿನ ಮೇಲೆ ಒಂದು ವಿಮಾನವನ್ನು ಹಾರಿಸಿ, ಅದು ಕಂಡುಹಿಡಿದಂತೆ ತೋರಿಸಿ, ಅನಂತರ ಹೊಡೆಯುತ್ತಿದ್ದರು. ತಮ್ಮ ದಾರಿ ಶತ್ರುವಿಗೆ ತಿಳಿದಿದೆಯೆಂಬ ಅನುಮಾನವಿದ್ದೂ ರಾತ್ರಿಗೆ ರಾತ್ರಿ ಎಣ್ಣೆಯ ಹಡಗುಗಳನ್ನು ಹತ್ತಿ ಹೊರಟ ನಾವಿಕರನ್ನು, ಮುವ್ವತ್ತು ವರ್ಷ, ಪುಸ್ತಕಗಳು ಅಳುಕುವವರೆಂದೂ ಅಸಮರ್ಥರೆಂದೂ ಕರೆದವು. ಅದೇ ನೌಕಾಪಡೆಯ ಆರು ಮಂದಿ 1941ರ ಡಿಸೆಂಬರ್ 19ರ ಮುಂಜಾವಿನಲ್ಲಿ ಮೂರು ಜಲಾಂತರ ವಾಹನಗಳ ಮೇಲೆ ಕುಳಿತು ಅಲೆಕ್ಸಾಂಡ್ರಿಯದ ಬಂದರನ್ನು ಹೊಕ್ಕು ಬ್ರಿಟಿಷರ ಎರಡು ಮಹಾನೌಕೆಗಳನ್ನು ನಿಷ್ಕ್ರಿಯಗೊಳಿಸಿದ್ದರು; ಅವರಲ್ಲೊಬ್ಬನಾದ ಡುರಾಂಡ್ ಡೆ ಲಾ ಪೆನ್ನೆಯ ಎದೆಗೆ 1945ರಲ್ಲಿ ಪದಕವನ್ನು ಸಿಕ್ಕಿಸಿದವನು, ಆ ರಾತ್ರಿ ಅವನಿಂದ ಮುಳುಗಿದ ವ್ಯಾಲಿಯಂಟ್ ನೌಕೆಯ ನಾಯಕ ಮೋರ್ಗನ್ನನೇ.

ಇನ್ನು ಉಳಿದದ್ದು ಇಟಾಲಿಯನ್ನರು ಆ ನಗುವಿನಿಂದ ತಾವೇ ಪಡೆದ ಲಾಭ. ನನ್ನ ಮನಸ್ಸನ್ನು ಹೆಚ್ಚು ಕದಡುವುದು ಇದು. ಯುದ್ಧ ಮುಗಿದ ಮೇಲೆ ಆ ದೇಶದಲ್ಲಿ, ನಮ್ಮವರು ಯುದ್ಧಕ್ಕೆ ತಕ್ಕವರಲ್ಲ, ಹಾಡುಪ್ರಿಯರು, ಮೃದುಹೃದಯರು, ಕೊಲ್ಲುವುದು ಅವರ ಕೈಯಲ್ಲಾಗುವುದಿಲ್ಲ; ಕ್ರೌರ್ಯವೆಲ್ಲ ಜರ್ಮನರದು ಎಂಬ ನಂಬಿಕೆ ಬೆಳೆಯಿತು. ಹೊರಗಿನವರ ಅಪಹಾಸ್ಯವನ್ನು ಒಳಗಿನವರು ಹೀಗೆ ನಿರಪರಾಧಿತ್ವದ ಸಾಕ್ಷ್ಯವಾಗಿ ಮಾಡಿಕೊಂಡರು. 1930ರ ದಶಕದ ಆರಂಭದಲ್ಲಿ ಲಿಬಿಯದ ಸಿರೆನೈಕ ಪ್ರಾಂತದ ಸುಮಾರು ಒಂದು ಲಕ್ಷ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿ, ಹತ್ತಾರು ಸಾವಿರ ಮಂದಿ ಅಲ್ಲಿ ಸಾಯುವಂತೆ ಮಾಡಿದವರು ಈ ಮೃದುಹೃದಯರ ಸೇನಾಪತಿಗಳೇ. 1935-36ರಲ್ಲಿ ಇಥಿಯೋಪಿಯದ ಬರಿಗಾಲ ಸೈನಿಕರ ಮೇಲೂ ಹಳ್ಳಿಗಳ ಮೇಲೂ ವಿಷವಾಯುವನ್ನು ಸುರಿಸಿದರು. 1937ರ ಫೆಬ್ರವರಿಯಲ್ಲಿ ಅಡಿಸ್ ಅಬಾಬದಲ್ಲಿ ಸಹಸ್ರಾರು ಜನರನ್ನು ಕೊಂದರು. ಮೇ ತಿಂಗಳಲ್ಲಿ ಡೆಬ್ರೆ ಲಿಬಾನೋಸ್ ಎಂಬ ಪುರಾತನವಾದ ಮಠದ ನೂರಾರು ಸಂನ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿಸಿದವನು, ಮುಂದೆ ಸಿದಿ ಬರ್ರಾನಿಯಲ್ಲಿ ನಗೆಪಾಟಲಾದ ಗ್ರಾತ್ಸಿಯಾನಿ. ಏಡ್ರಿಯಾಟಿಕ್ ಸಮುದ್ರದ ರಾಬ್ ದ್ವೀಪದ ಶಿಬಿರದಲ್ಲಿ ಸ್ಲೊವೇನಿಯದ ಮತ್ತು ಕ್ರೊಯೇಷಿಯದ ಮಕ್ಕಳೂ ಮುದುಕರೂ ಸೇರಿ ಸಾವಿರಕ್ಕೂ ಹೆಚ್ಚು ಮಂದಿ ಹಸಿವಿನಿಂದ ಸತ್ತರು.

ಇಥಿಯೋಪಿಯ ಕೇಳಿಕೊಂಡರೂ ಇವರಲ್ಲಿ ಒಬ್ಬನನ್ನೂ ವಿಚಾರಣೆಗೆ ಒಪ್ಪಿಸಲಿಲ್ಲ. ವಿಷವಾಯುವಿನ ಯುದ್ಧವನ್ನು ನಡೆಸಿದ ಬಡೋಲಿಯೊ 1943ರಲ್ಲಿ ಪ್ರಧಾನಮಂತ್ರಿಯಾದನು. ಗ್ರಾತ್ಸಿಯಾನಿಗೆ 1950ರಲ್ಲಿ ಹತ್ತೊಂಬತ್ತು ವರ್ಷಗಳ ಶಿಕ್ಷೆಯಾದದ್ದು ಜರ್ಮನರೊಡನೆ ಸೇರಿದ್ದಕ್ಕಾಗಿ, ಆಫ್ರಿಕದಲ್ಲಿ ಮಾಡಿದ್ದಕ್ಕಾಗಿ ಅಲ್ಲ, ಮತ್ತು ಕೆಲವೇ ತಿಂಗಳಲ್ಲಿ ಬಿಡುಗಡೆಯೂ ಆಯಿತು. ಆಂಜೆಲೊ ಡೆಲ್ ಬೋಕಾ ಅವರು 1960ರ ದಶಕದಿಂದ ವಿಷವಾಯುವಿನ ದಾಖಲೆಗಳನ್ನು ಪ್ರಕಟಿಸುತ್ತ ಬಂದಾಗ ಮಾಜಿ ಸೈನಿಕರ ನಿಂದೆಗೆ ಗುರಿಯಾದರು; ಇಥಿಯೋಪಿಯದಲ್ಲಿ ಸ್ವತಃ ಅಧಿಕಾರಿಯಾಗಿದ್ದ ಪ್ರಸಿದ್ಧ ಪತ್ರಕರ್ತ ಇಂದ್ರೊ ಮೊಂತನೆಲ್ಲಿ ಅವರು, ತಾವು ಕಾಣದ ಅನಿಲ ಇರಲೇ ಇಲ್ಲವೆಂದು ವರ್ಷಾನುಗಟ್ಟಲೆ ವಾದಿಸಿದರು. 1996ರಲ್ಲಿ ಇಟಲಿಯ ರಕ್ಷಣಾಮಂತ್ರಿಯೇ ಸಂಸತ್ತಿಗೆ ಸತ್ಯವನ್ನು ತಿಳಿಸಿದ ಮೇಲೆ ಮೊಂತನೆಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಅರುವತ್ತು ವರ್ಷ ಬೇಕಾಯಿತು. ಕೈಲಾಗದವನು ಕ್ರೂರನಾಗಿರಲಾರನೆಂಬ ಸುಲಭವಾದ ತರ್ಕವೇ ಆ ವಿಳಂಬಕ್ಕೆ ಬಹುಮಟ್ಟಿಗೆ ಕಾರಣವೆಂದು ನಾನು ತಿಳಿಯುತ್ತೇನೆ. ಆದುದರಿಂದ ಇಟಲಿಯ ಸೈನಿಕನ ಶೌರ್ಯಕ್ಕೆ ನ್ಯಾಯ ದೊರಕಿಸುವವರು ಅವನ ಅಪರಾಧಕ್ಕೂ ಅದೇ ಕೈಯಿಂದ ನ್ಯಾಯವನ್ನು ಅಳೆಯಬೇಕಾಗುತ್ತದೆ.

ಈ ವಾದದಲ್ಲಿ ಭಾರತೀಯನಿಗೇನು ಪ್ರಸಕ್ತಿಯೆಂದು ಕೇಳುವವರಿಗೆ ಎರಿಟ್ರಿಯದ ಕೆರೆನ್ ಎಂಬ ಊರನ್ನು ತೋರಿಸಬೇಕು. ಸಿದಿ ಬರ್ರಾನಿಯ ಪಾಳೆಯಗಳನ್ನು ಮೂರೇ ದಿನಗಳಲ್ಲಿ ಗೆದ್ದು ಮುವ್ವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿಯುವುದರಲ್ಲಿ ದೊಡ್ಡ ಪಾಲನ್ನು ವಹಿಸಿದ್ದು ನಾಲ್ಕನೆಯ ಭಾರತೀಯ ಡಿವಿಜನ್. ಆ ಯುದ್ಧ ಮುಗಿಯುವ ಮೊದಲೇ ಅದನ್ನು ಸೂಡಾನಿಗೆ ಸಾಗಿಸಿ, ಐದನೆಯ ಭಾರತೀಯ ಡಿವಿಜನ್ನಿನೊಡನೆ ಸೇರಿಸಿ, ಎರಿಟ್ರಿಯದ ಮೇಲೆ ಕಳುಹಲಾಯಿತು. ಅದೇ ಡಿವಿಜನ್, ಅದೇ ಚಳಿಗಾಲ, ಅದೇ ಇಟಲಿಯ ಶತ್ರು. ಆದರೆ 1941ರ ಫೆಬ್ರವರಿ ಮೊದಲಲ್ಲಿ ಕೆರೆನ್ನಿನ ಕೆಳಗಿನ ಕಣಿವೆಯನ್ನು ಮುಟ್ಟಿದ ಈ ಸೇನೆ, ಮಾರ್ಚ್ 27ರವರೆಗೆ, ಐವತ್ತಕ್ಕೂ ಮಿಕ್ಕ ದಿನಗಳ ಕಾಲ, ಅಲ್ಲಿಂದ ಮುಂದೆ ಹೋಗಲಾರದೆ ನಿಂತಿತು.

ಕೆರೆನ್ನಿಗೆ ಹೋಗುವ ರಸ್ತೆಯೂ ರೈಲೂ ಡೊಂಗೊಲಾಸ್ ಎಂಬ ಇಕ್ಕಟ್ಟಾದ ಕಂದರದ ಮೂಲಕವೇ ಹಾಯಬೇಕು. ಅದರ ಒಂದು ಪಕ್ಕಕ್ಕೆ ಸಂಕಿಲ್ ಶಿಖರ, ಇನ್ನೊಂದು ಪಕ್ಕಕ್ಕೆ ಡೊಲೊಗೊರೊಡಾಕ್ ಕೋಟೆಯ ಗುಡ್ಡ. ಇಟಾಲಿಯನ್ನರು ಕಂದರದ ಗೋಡೆಗಳನ್ನು ಸಿಡಿಸಿ ದಾರಿಯನ್ನು ಬಂಡೆಗಳಿಂದ ಮುಚ್ಚಿದ್ದರು. ಮೇಲಿನ ಶಿಖರಗಳಲ್ಲಿ ಸವಾಯ್ ಗ್ರೆನಡಿಯರುಗಳೂ, ಆಲ್ಪ್ಸ್ ಪರ್ವತದ ಸೈನಿಕರೂ, ಆಸ್ಕರಿಗಳೆಂದು ಹೆಸರಾದ ಎರಿಟ್ರಿಯದ ದೇಶೀಯ ಪಡೆಗಳೂ ಕುಳಿತಿದ್ದವು. ಇಲ್ಲಿ ಟ್ಯಾಂಕು ನಡೆಯದು, ಪಾರ್ಶ್ವದಿಂದ ಸುತ್ತುವುದಕ್ಕೆ ಆಸ್ಪದವಿಲ್ಲ. ಹಿಡಿಹುಲ್ಲೂ ಮುಳ್ಳೂ ಸಡಿಲಗಲ್ಲೂ ತುಂಬಿದ ಇಳಿಜಾರಿನಲ್ಲಿ, ನೀರನ್ನೂ ಗುಂಡನ್ನೂ ಬೆನ್ನ ಮೇಲೆ ಹೊತ್ತು, ಎರಡು ಸಾವಿರ ಅಡಿ ಏರಿ, ಏರಿದ ಮೇಲೆ ಶತ್ರುವಿನ ಕೈಬಾಂಬುಗಳನ್ನು ಎದುರಿಸಬೇಕು. ಹಿಡಿದ ಶಿಖರವನ್ನು ಮರುಗಳಿಗೆಯಲ್ಲೇ ಶತ್ರು ಮತ್ತೆ ಮತ್ತೆ ಏರಿ ಬಂದು ಕಿತ್ತುಕೊಳ್ಳುತ್ತಾನೆ. ರಾಜಪುತಾನ ರೈಫಲ್ಸಿನ ಸುಬೇದಾರ್ ರಿಚ್‌ಪಾಲ್ ರಾಮ್ ಆಕ್ವಾ ಕಣಿವೆಯ ಮೇಲೆ ಅಂಥ ಆರು ಮರುದಾಳಿಗಳನ್ನು ತಡೆದು, ಕೆಲವು ದಿನಗಳ ಮೇಲೆ ಅದೇ ಜಾಗಕ್ಕಾಗಿ ನಡೆದ ಎರಡನೆಯ ಯತ್ನದಲ್ಲಿ ಕಾಲು ಕಳೆದುಕೊಂಡು ಪ್ರಾಣಬಿಟ್ಟನು; ಅವನಿಗೆ ಮರಣೋತ್ತರವಾಗಿ ವಿಕ್ಟೋರಿಯ ಕ್ರಾಸ್ ಬಂದಿತು. ಮಾರ್ಚ್ 15ರ ಕೊನೆಯ ದಾಳಿಯಲ್ಲಿ ಕೋಟೆಯ ದಾರಿಯ ಪಿನಾಕಲ್ ಎಂಬ ಗುಡ್ಡವನ್ನು ಹಿಡಿದದ್ದು, ನಮ್ಮ ಬೆಳಗಾವಿಯನ್ನು ತವರಾಗಿ ಉಳ್ಳ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೆಯ ಬೆಟಾಲಿಯನ್. ಆ ಕೋಟೆ ಬಿದ್ದ ಮೇಲೂ ಇಟಾಲಿಯನ್ನರು ಅದನ್ನು ಮರಳಿ ಪಡೆಯಲು ದಿನದಿನವೂ ಏರಿ ಬಂದರು. ಅಂಥ ಒಂದು ಯತ್ನದ ಮುಂಚೂಣಿಯಲ್ಲಿ ಅವರ ಜನರಲ್ ಲೊರೆನ್‌ಸೀನಿ ಮಡಿದನು. ಕೆರೆನ್ನಿಗಾಗಿ ಬ್ರಿಟಿಷ್ ಪಕ್ಷದಲ್ಲಿ 536 ಮಂದಿ ಸತ್ತು 3,229 ಮಂದಿ ಗಾಯಗೊಂಡರು. ಇವರಲ್ಲಿ ಬಹುಮಂದಿ ಭಾರತೀಯರು. ಭಾರತೀಯ ಸೇನೆಯ ಚರಿತ್ರೆಯನ್ನು 1951ರಲ್ಲಿ ಬರೆದ ಕಾಂಪ್ಟನ್ ಮೆಕೆಂಜಿ, ಕೆರೆನ್ನಿನ ಕಾಳಗ ಯಾವ ಯುದ್ಧದ ಯಾವ ಕಾಳಗಕ್ಕೂ ಕಡಿಮೆಯದಲ್ಲವೆಂದೂ, ಅಲ್ಲಿನ ಸವಾಯ್ ಪಡೆಗಳಿಗಿಂತ ಹೆಚ್ಚು ಹಟದಿಂದ ಜರ್ಮನರು ಆ ಯುದ್ಧದಲ್ಲಿ ಎಲ್ಲಿಯೂ ಹೋರಾಡಲಿಲ್ಲವೆಂದೂ ಹೇಳಿರುವುದು ನನ್ನ ವಾದದ ತಿರುಳನ್ನೇ ಮುಟ್ಟುತ್ತದೆ. ಶತ್ರುವನ್ನು ಹಾಸ್ಯಾಸ್ಪದನನ್ನಾಗಿ ಮಾಡಿದ ಚರಿತ್ರೆಯು ಆ ಶಿಖರಗಳನ್ನು ಏರಿದ ರಜಪೂತನ, ಪಂಜಾಬಿಯ, ಮರಾಠನ, ಗಢವಾಲಿಯ ಬವಣೆಯನ್ನೂ ಅಗ್ಗವಾಗಿಸಿತು. ಆ ಯುದ್ಧದಲ್ಲಿ ಸೆರೆಸಿಕ್ಕ ಇಟಾಲಿಯನ್ನರಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಶಿಬಿರಗಳಿಗೆ ಬಂದು ವರ್ಷಗಟ್ಟಲೆ ಇದ್ದರು. ಅವರನ್ನು ಹಿಡಿಯಲು ಪಟ್ಟ ಪಾಡಿನ ವಿಷಯವಾಗಿ ನಮ್ಮ ಭಾಷೆಯಲ್ಲಿ ಬಂದಿರುವ ಬರಹ ಬಹಳ ಕಡಿಮೆ.

ಕೆರೆನ್ನಿನಲ್ಲಿ ಇನ್ನೊಂದು ತೊಡಕೂ ಇದೆ; ರಾಷ್ಟ್ರದ ಶೌರ್ಯವೆಂಬ ಅಳತೆಗೋಲೇ ಅಲ್ಲಿ ಮುರಿಯುತ್ತದೆ. ಬ್ರಿಟನ್ನಿನ ವಿಜಯವೆಂದು ಲಂಡನ್ನಿನ ಪುಸ್ತಕಗಳು ಬರೆದುಕೊಂಡದ್ದನ್ನು ಗೆದ್ದವರಲ್ಲಿ ಹೆಚ್ಚಿನವರು ಭಾರತದ ಹಳ್ಳಿಗಳವರು. ಇಟಲಿಯ ವೀರಗಾಥೆಯೆಂದು ರೋಮಿನ ಪುಸ್ತಕಗಳು ಬರೆದುಕೊಳ್ಳುವ ರಕ್ಷಣೆಯಲ್ಲಿ ಬಹುದೊಡ್ಡ ಪಾಲು ಎರಿಟ್ರಿಯದ ಆಸ್ಕರಿಗಳದು. ಎರಡು ಸಾಮ್ರಾಜ್ಯಗಳಿಗಾಗಿ ಹೊಡೆದಾಡಿದ ಈ ಎರಡು ಪಂಗಡದವರಿಗೂ ಆ ಯುದ್ಧವನ್ನು ಸಾರುವುದರಲ್ಲಾಗಲಿ ನಿಲ್ಲಿಸುವುದರಲ್ಲಾಗಲಿ ಮಾತಿರಲಿಲ್ಲ. ಭಾರತೀಯರಲ್ಲಿ ದಹನಗೊಂಡವರ ಹೆಸರುಗಳನ್ನು ಕೆರೆನ್ನಿನ ಸ್ಮಾರಕದಲ್ಲಿ ಕೆತ್ತಿದ್ದಾರೆ. ಇಟಲಿಯ ಸಿಪಾಯಿಗಳಿಗೆ ಅಲ್ಲೇ ಒಂದು ರುದ್ರಭೂಮಿಯಿದೆ. ಅದೇ ಭೂಮಿಯಲ್ಲಿರುವ ಆಸ್ಕರಿಗಳ ಸಮಾಧಿಗಳಲ್ಲಿ ಅನೇಕಕ್ಕೆ ಹೆಸರಿಲ್ಲ, ಮತ್ತು ಇಂಗ್ಲಿಷಿನ ಇಟಾಲಿಯನ್ನಿನ ಎರಡೂ ಚರಿತ್ರೆಗಳಲ್ಲಿ ಅವರ ಸಾವನ್ನು ಸಾವಿರಗಳ ಅಂದಾಜಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಕೆರೆನ್ನಿನ ಕಥೆಯನ್ನು ಮತ್ತೆ ಬರೆಯಹೊರಡುವವರು ಲಂಡನ್ ಮತ್ತು ರೋಮಿನ ದಫ್ತರುಗಳೊಡನೆ ದೆಹಲಿಯಲ್ಲಿರುವ ಭಾರತೀಯ ಬೆಟಾಲಿಯನ್ನುಗಳ ಯುದ್ಧದಿನಚರಿಗಳನ್ನೂ ತೆರೆದು, ಆಸ್ಕರಿಗಳ ಮೊಮ್ಮಕ್ಕಳು ತಿಗ್ರಿನ್ಯ ಭಾಷೆಯಲ್ಲಿ ಹೇಳಬಲ್ಲದ್ದನ್ನು, ಅದನ್ನು ನೆನೆವವರು ಇರುವಾಗಲೇ ಎರಿಟ್ರಿಯದ ಅಸ್ಮಾರಾಕ್ಕೆ ಹೋಗಿ ಕೇಳಿ ಬರೆದುಕೊಳ್ಳಬೇಕು.